ಬೀಳುವ ಹೊತ್ತಿನಲ್ಲಿ ಮಾರಬಾರದು

ನನ್ನ ಗಂಡ ಬೆಳಿಗ್ಗೆ ಎಚ್ಚರಾದ ಮೇಲೂ ಅರ್ಧ ತಾಸು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಗೋಡೆಗೆ ದಿಂಬು ಒಟ್ಟಿಕೊಂಡು, ಮೂಗಿನ ತುದಿಗೆ ಕನ್ನಡಕ ಏರಿಸಿಕೊಂಡು, ಪೇಪರಿನ ವ್ಯಾಪಾರದ ಪುಟವನ್ನೂ ನನ್ನ ಮೊಬೈಲನ್ನೂ ತೊಡೆಯ ಮೇಲಿಟ್ಟುಕೊಂಡು ಕೂತುಬಿಡುವರು. ಗೋಕಾಕದ ನಮ್ಮದು ಎರಡು ಖೋಲಿಯ ಮನೆ. ಆ ಹಾಸಿಗೆ ಸುತ್ತದಿದ್ದರೆ ಕಸ ಹೊಡೆಯುವುದಕ್ಕೂ ಜಾಗವಿಲ್ಲ. ನಾನು ಕಸಬರಿಗೆ ಹಿಡಿದು ಬಾಗಿಲಲ್ಲಿ ನಿಂತು ಗೊಣಗಬೇಕು.

“ಏನ್ರಿ, ಚಾ ಆರಾಕತ್ತೈತಿ. ಏಳ್ರಿ ಇನ್ನ.”

“ತಡಿ ಸ್ವಲ್ಪ. ಸಾಹೇಬ ಹಿಂಗ ಹಾಸಿಗ್ಯಾಗ ಕುಂತ ಅರ್ಧಾ ತಾಸಿನ್ಯಾಗ ಎಲ್ಲಾ ವ್ಯವಹಾರ ಮುಗಸ್ತಿದ್ದ.”

“ಸಾಹೇಬನ ಹೇಣ್ತಿ ಚಾ ಎಷ್ಟ ಸಲ ಕಾಸ್ತಿದ್ಲು, ಅದನ್ನೂ ಓದೀರೇನು?”

ಈ ಸಾಹೇಬ ಯಾರೆಂದರೆ, ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿದ್ದ ಒಬ್ಬ ಹೆಸರುವಾಸಿ ಅರ್ಥಶಾಸ್ತ್ರಜ್ಞ. ನನ್ನ ಗಂಡ ಮೂಡಲಗಿಯ ಒಂದು ಖಾಸಗಿ ಕಾಲೇಜಿನಲ್ಲಿ ಜೀವಮಾನವಿಡೀ ಅರ್ಥಶಾಸ್ತ್ರ ಕಲಿಸಿದರು. ಬೆಂಚಿನ ಮೇಲೆ ತೂಕಡಿಸುವ ಹುಡುಗರಿಗೆ ಆ ಮನುಷ್ಯನ ಸಿದ್ಧಾಂತ ಹೇಳಿ ಹೇಳಿ ಇವರ ಗಂಟಲು ಹೋಗಿತ್ತು. ಆದರೆ ಇವರಿಗೆ ನಿಜವಾದ ಮೋಹವಿದ್ದದ್ದು ಸಿದ್ಧಾಂತದ ಮೇಲಲ್ಲ, ಅವನು ತನ್ನ ಸ್ವಂತ ಹಣವನ್ನು ಹೇಗೆ ಹೂಡಿದ ಎಂಬುದರ ಮೇಲೆ. ಮೊದಮೊದಲು ಅವನೂ ಯಾವ ದೇಶದ ನಾಣ್ಯ ಏರುತ್ತದೆ, ಯಾವುದು ಇಳಿಯುತ್ತದೆ ಎಂದು ಅಂದಾಜು ಕಟ್ಟಿ ಆಡಿ, ಕೈ ಸುಟ್ಟುಕೊಂಡನಂತೆ. ಆಮೇಲೆ ಬುದ್ಧಿ ಬಂದು ದಾರಿ ಬದಲಿಸಿದ. ತನಗೆ ಒಳಹೊರಗು ಗೊತ್ತಿರುವ ಕೆಲವೇ ಕಂಪನಿಗಳನ್ನು ಆರಿಸಿ, ಅವುಗಳ ಶೇರು ತೆಗೆದುಕೊಂಡು, ಪ್ಯಾಟೆ ಕುಸಿದಾಗಲೂ ಕೈಬಿಡದೆ ವರ್ಷಗಟ್ಟಲೆ ಕೂತ. ತನ್ನ ಕಾಲೇಜಿನ ಹಣವನ್ನೂ ಹಾಗೆಯೇ ಬೆಳೆಸಿದ. ಈ ಕಥೆಯನ್ನು ನಾನು ರೊಟ್ಟಿ ಬಡಿಯುತ್ತ, ಬಟ್ಟೆ ಹಿಂಡುತ್ತ, ಬಸ್ಸಿನಲ್ಲಿ, ಬೀಗರ ಮನೆಯಲ್ಲಿ ಎಷ್ಟು ಸಲ ಕೇಳಿದ್ದೇನೋ ಶಿವನಿಗೇ ಗೊತ್ತು. ಮಕ್ಕಳಿಲ್ಲದ ನಮ್ಮ ಮನೆಯಲ್ಲಿ ಮೂರನೆಯವನಾಗಿ ಅವನೊಬ್ಬನಿದ್ದ.

ನಮ್ಮ ಕಡೆಯವರಿಗೆ ಈ ಮಾತು ತಲೆಗೆ ಹತ್ತುವುದು ಕಷ್ಟವೇನಲ್ಲ. ಇಲ್ಲಿ ಶೇರು ಎಂದರೆ ಮೊದಲಿನಿಂದಲೂ ಸಹಕಾರಿ ಸಕ್ಕರೆ ಕಾರ್ಖಾನೆಯ ಶೇರು. ಅದಿದ್ದರೆ ನಿಮ್ಮ ಕಬ್ಬು ಕಾರ್ಖಾನೆಗೆ ಹೋಗುತ್ತದೆ, ಹಬ್ಬಕ್ಕೆ ಕಡಿಮೆ ದರದ ಸಕ್ಕರೆ ಮನೆಗೆ ಬರುತ್ತದೆ. ಅದರ ಬೆಲೆ ಇವತ್ತು ಎಷ್ಟಾಯಿತು ಎಂದು ಯಾರೂ ಕೇಳುವುದಿಲ್ಲ, ಮಾರುವ ಮಾತಂತೂ ದೂರ. ಅಪ್ಪ ತೀರಿಕೊಂಡರೆ ಮಗನ ಹೆಸರಿಗೆ ಆಗುತ್ತದೆ, ಅಷ್ಟೇ. ನನ್ನ ಮಾವನವರು ಮೇಲವಂಕಿಯ ಹೊಲ ಮಾರಿದರು, ಎತ್ತು ಮಾರಿದರು, ಶೇರು ಮಾತ್ರ ಮಾರಲಿಲ್ಲ. ದೀಪಾವಳಿ ಬಂತೆಂದರೆ ಸಕ್ಕರೆ ಚೀಲ ಹೆಗಲ ಮೇಲೆ ಹೊತ್ತು ಊರಿನವರಿಗೆಲ್ಲ ಕಾಣುವ ಹಾಗೆ ನಡೆದು ಬರುತ್ತಿದ್ದರಂತೆ. ಅಂಥವರ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಆ ಸಾಹೇಬ ಸಿಕ್ಕ ಮೇಲೆ ಕೇಳಬೇಕೆ?

ಖಾತೆ ತೆರೆದದ್ದು ನನ್ನ ಹೆಸರಿನಲ್ಲಿ. ದೀಪಾವಳಿ ಪಾಡ್ಯದ ದಿನ ಲಕ್ಷ್ಮೀಪೂಜೆ ಮುಗಿಸಿ, ನನ್ನ ಕೈಯಿಂದ ಮೊಬೈಲಿಗೆ ಅರಿಷಿಣ ಕುಂಕುಮ ಹಚ್ಚಿಸಿ, ನಂಬರು ನನ್ನದು ಕೊಟ್ಟು, ಸಹಿ ನನ್ನದು ಮಾಡಿಸಿದರು. ನಾನೂ ಬಿ.ಎ. ಓದಿದವಳು, ಮದುವೆಯಾದ ಹೊಸದರಲ್ಲಿ ಮೂಡಲಗಿಯ ಒಂದು ಸಾಲೆಯಲ್ಲಿ ಕನ್ನಡ ಕಲಿಸಿದವಳು. ಆದರೂ ಅದರೊಳಗೆ ಏನಿದೆ ಎಂದು ನಾನೆಂದೂ ತೆರೆದು ನೋಡಲಿಲ್ಲ. ಇವರು ಕಾಲೇಜು ಬಿಟ್ಟಾಗ ಬಂದ ಹಣವೆಲ್ಲ ಅದರಲ್ಲಿ ಹೋಯಿತು. ಕಂಪನಿ ಮೂರೇ ಮೂರು. ಎರಡರಲ್ಲಿ ಒಂದಿಷ್ಟು, ಉಳಿದದ್ದೆಲ್ಲ ಹುಕ್ಕೇರಿ ಕಡೆಯ ಒಂದು ಸಣ್ಣ ಸಕ್ಕರೆ ಕಂಪನಿಯಲ್ಲಿ. ಇದು ಸಹಕಾರಿಯದಲ್ಲ, ಶೇರು ಪ್ಯಾಟೆಯಲ್ಲಿ ಕೊಂಡು ಮಾರುವಂಥದ್ದು. ಕಬ್ಬು ನಮಗೆ ಗೊತ್ತು, ಆ ಮಣ್ಣು ಗೊತ್ತು, ಹೀಗಾಗಿ ಇದೇ ನಮ್ಮದು ಎಂಬುದು ಇವರ ಲೆಕ್ಕ.

ಇವರು ಆ ಕಂಪನಿಯನ್ನು ಅಭ್ಯಾಸ ಮಾಡಿದ ರೀತಿ ಕೇಳಿದರೆ ನಗುತ್ತೀರಿ. ಹಂಗಾಮಿನಲ್ಲಿ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಘೋಡಗೇರಿ ದಾಟಿ ಕಾರ್ಖಾನೆಯ ದಾರಿ ಹಿಡಿಯುವರು. ಗೇಟಿನ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿರುತ್ತಿದ್ದವು. ಸಕ್ಕರೆ ತೆಗೆದ ಮೇಲೆ ಉಳಿಯುವ ಮಳ್ಳಿಯ ಹುಳಿ ವಾಸನೆ ಮೂಗಿಗೆ ಅಡರುತ್ತಿತ್ತು.

“ನೋಡ, ಹ್ವಾದ ಸಲಕಿಂತ ಪಾಳಿ ಎಷ್ಟ ಉದ್ದ ಆಗೇತಿ! ಇದಕ್ಕ ಅಂತಾರ ಕಂಪನಿ ನೋಡೂದು ಅಂತ.”

ಸಾಲು ಉದ್ದವಾದಷ್ಟೂ ನಮಗೆ ಸಂತೋಷ. ಬಿಸಿಲಲ್ಲಿ ನಿಂತು ಕಬ್ಬಿನ ಹಾಲು ಕುಡಿದು, ನಾವೇ ಕಾರ್ಖಾನೆಯ ಮಾಲೀಕರ ಹಾಗೆ ಬೀಗುತ್ತ ತಿರುಗಿ ಬರುತ್ತಿದ್ದೆವು. ಮಸಗುಪ್ಪಿಯ ಕಬ್ಬು ಬೆಳೆಯುವ ಮನೆಯಲ್ಲಿ ಹುಟ್ಟಿದ ನನಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಖುಷಿಯಲ್ಲಿದ್ದವರ ತಲೆ ಓಡುವುದಿಲ್ಲ.

ಇವರಿಗೆ ಎದುರಾಡುವವನು ಒಬ್ಬನೇ, ನನ್ನ ತಮ್ಮ. ಹುಕ್ಕೇರಿಯಲ್ಲಿ ಗೊಬ್ಬರ, ಬೀಜದ ಅಂಗಡಿ ಇಟ್ಟುಕೊಂಡಿದ್ದ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೊಬೈಲಿನಲ್ಲಿ ಕೆಂಪು ಹಸಿರು ಕಡ್ಡಿಗಳ ಚಿತ್ರ ನೋಡುತ್ತ ಕೂರುತ್ತಿದ್ದ. ಆ ಕಡ್ಡಿಗಳಿಗೆ ಮೇಣಬತ್ತಿ ಎಂದು ಹೆಸರಂತೆ. ಅವನ್ನು ಓದಿ, ಈಗ ಕೊಳ್ಳು, ಈಗ ಮಾರು ಎಂದು ಹೇಳುವ ಯಂತ್ರಬುದ್ಧಿಯೂ ಅವನ ಮೊಬೈಲಿನಲ್ಲೇ ಇತ್ತು. ಅಮಾವಾಸ್ಯೆಗೆ ಊಟಕ್ಕೆ ಬಂದನೆಂದರೆ ಹೋಳಿಗೆ ಆರಿ ಹೋಗುವ ತನಕ ಇಬ್ಬರದೂ ಜಗಳ.

“ಈ ಮೇಣಬತ್ತಿ ನೋಡಿದ್ರ ಕಾರ್ಖಾನಿ ಹೆಂಗ ನಡದೈತಿ ಅಂತ ತಿಳೀತೈತೇನೋ?”

“ಕಾರ್ಖಾನಿ ತಗೊಂಡ ಏನ್ ಮಾಡ್ತೀರಿ ಮಾಮಾ? ರೇಟ್ ಒಂದ ನೋಡ್ರಿ. ಎಲ್ಲಾ ಅದರಾಗ ಬಂದಿರತೈತಿ. ಬೀಳಾಕತ್ತು ಅಂದ್ರ ಮಾರಿ ಹೊರಗ ಬರಬೇಕು.”

“ಬೀಳೂ ಹೊತ್ತಿನ್ಯಾಗ ಮಾರಾವ ಮೂರ್ಖ. ಸಾಹೇಬ...”

“ಬಂದಾ ನೋಡ್ರಿ ಸಾಹೇಬ, ಅವಗೂ ಒಂದ ಎಲಿ ಹಾಕ್ಲೇನು?” ಎಂದು ನಾನು ಸೌಟು ಕುಕ್ಕುತ್ತಿದ್ದೆ. ಮೂವರೂ ನಗುತ್ತಿದ್ದೆವು. ಆ ದಿನಗಳು ಎಷ್ಟು ಚಲೋ ಇದ್ದವು ಎಂದು ಈಗ ತಿಳಿಯುತ್ತದೆ.

ಮೊದಲು ಬಿದ್ದದ್ದು ಶೇರು. ಕಾರ್ಖಾನೆಯ ಬಾಯ್ಲರು ಕೆಟ್ಟು, ಹಂಗಾಮಿನ ನಡುವೆಯೇ ಪದೇ ಪದೇ ನಿಲ್ಲುತ್ತಿತ್ತಂತೆ, ಕಂಪನಿ ದೊಡ್ಡ ನಷ್ಟದಲ್ಲಿದೆಯಂತೆ ಎಂದು ಪೇಪರಿನಲ್ಲಿ ಬಂತು. ನಾವು ಕಣ್ಣು ತುಂಬ ನೋಡಿ ಬಂದಿದ್ದ ಟ್ರ್ಯಾಕ್ಟರಿನ ಸಾಲು ಒಳಗೆ ಗಾಣ ನಿಂತದ್ದಕ್ಕೆ ಬೆಳೆದ ಸಾಲು. ಇವರು ಪೇಪರು ಮಡಿಸಿ ದಿಂಬಿನ ಕೆಳಗಿಟ್ಟರು. ಆಮೇಲೆ, ಬಾಯ್ಲರು ರಿಪೇರಿ ಆಗತೈತಿ, ಕಬ್ಬು ಎಲ್ಲಿ ಹೋಗತೈತಿ, ಎಂದು ಎದ್ದು ಸ್ನಾನಕ್ಕೆ ಹೋದರು.

ಅದರ ಬೆನ್ನಿಗೇ ಎದೆ ನೋವು. ಬೆಳಗಾವಿಯ ಆಸ್ಪತ್ರೆಯಲ್ಲಿ ತಪಾಸಣೆ ಆಯಿತು. ಡಾಕ್ಟರು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, “ಮೂರೂ ನಾಳ ಬಂದ್ ಆಗ್ಯಾವ್ರಿ ಸರ್. ಇವತ್ತ ಅಡ್ಮಿಟ್ ಆಗ್ರಿ. ತಡಾ ಮಾಡೂ ಕೇಸ್ ಅಲ್ಲ ಇದು,” ಎಂದರು. ಸರ್ಕಾರದ ಕಾರ್ಡಿನಲ್ಲಿ ನಮ್ಮಂಥವರಿಗೆ ಒಂದು ಪಾಲು ಮಾತ್ರ ಸಿಗುತ್ತಿತ್ತು, ಉಳಿದದ್ದು ಕೈಯಿಂದ ಹಾಕಬೇಕು. ನನ್ನ ಬಂಗಾರವೆಲ್ಲ ಮನೆ ಕಟ್ಟುವಾಗಲೇ ಹೋಗಿತ್ತು. ತಮ್ಮನನ್ನು ಕೇಳೋಣವೆಂದರೆ, ಅವನು ಮೇಣಬತ್ತಿ ಓದಿ ಓದಿ ಅಂಗಡಿಯ ಬಂಡವಾಳವನ್ನೇ ಕಳೆದುಕೊಂಡು ಮುಖ ತೋರಿಸದೆ ಓಡಾಡುತ್ತಿದ್ದ. ಇದ್ದದ್ದು ಆ ಶೇರು ಒಂದೇ.

ಇವರು ಅಡ್ಮಿಟ್ ಆಗಲಿಲ್ಲ. ಗುಳಿಗೆ ಬರೆಸಿಕೊಂಡು ನನ್ನನ್ನು ಬಸ್ಸು ಹತ್ತಿಸಿಬಿಟ್ಟರು.

ಮನೆಗೆ ಬಂದವಳೇ ನಾನು ಪಿತ್ತ ನೆತ್ತಿಗೇರಿ ಕೂಗಾಡಿದೆ.

“ಆರು ತಿಂಗಳ ತಡಿ,” ಎಂದರು, ಗೋಡೆಗೆ ಒರಗಿ, ಉಸಿರು ಎಳೆದುಕೊಳ್ಳುತ್ತ. “ಈಗ ಮಾರಿದ್ರ ಮಣ್ಣಿನ ರೇಟ್ ಬರತೈತಿ. ಹಿಡದ್ರ ಏರತೈತಿ. ಅಲ್ಲೀಮಟಾ ಗುಳಿಗಿ ನುಂಗತೇನಿ.”

“ನಿಮ್ಮ ಎದಿ ಏನ್ ಶೇರ್ ಪ್ಯಾಟೇನ್ರಿ, ಬಿದ್ದದ್ದು ತಾನ ಏಳಾಕ?”

“ಸಾಹೇಬಗೂ ಎದಿ ಬ್ಯಾನಿ ಇತ್ತು. ಹಾಸಿಗಿ ಹಿಡದಿದ್ದ. ಆದ್ರೂ ಅಂಜಿ ಎಲ್ಲಾ ಮಾರಲಿಲ್ಲ.”

“ಆ ಸಾಹೇಬನ್ನ ತಗೊಂಡ ಹೋಗಿ ಘಟಪ್ರಭಾ ಹೊಳಿಗೆ ಹಾಕ್ರಿ! ನನಗ ಗಂಡ ಬೇಕು!”

ಆಗ ಇವರ ಮುಖ ಬೇರೆಯಾಯಿತು. ನಾನು ಅದುವರೆಗೆ ಇದೆಲ್ಲ ಪುಸ್ತಕದ ಹುಚ್ಚು, ಹಟ ಎಂದುಕೊಂಡಿದ್ದೆ. ಇವರು ನನ್ನ ಕೈ ಹಿಡಿದು ಹತ್ತಿರ ಕೂರಿಸಿಕೊಂಡು, “ಏ ಹುಚ್ಚಿ, ನಾ ಹೋದರ ನಿನಗ ಯಾರದಾರ ಹೇಳು? ಪೆನ್ಶನ್ ಇಲ್ಲ. ಹೊಟ್ಯಾಗ ಹುಟ್ಟಿದಾವ ಒಬ್ಬಾವಿಲ್ಲ. ನಿನ್ನ ಹೆಸರಲೇ ಇದ ಒಂದ ಐತಿ. ಇದನ್ನೂ ಈಗ ಮಾರಿ ನನ್ನ ಎದಿಗೆ ಸುರದಿ, ನಾನೂ ಉಳೀಲಿಲ್ಲ ಅಂದ್ರ, ನೀ ಯಾರ ಬಾಗಲಕ್ಕ ಹೋಗಿ ನಿಂದ್ರತಿ?” ಎಂದರು.

ನಾನು ಕೈ ಬಿಡಿಸಿಕೊಂಡು ಏಳಹೋದೆ. ಇವರು ಬಿಡಲಿಲ್ಲ. “ಲಿಂಗಾ ಮುಟ್ಟಿ ಹೇಳು. ನಾ ಹೂಂ ಅನ್ನೂತನಾ ಮಾರೂದಿಲ್ಲ ಅಂತ ಹೇಳು.” ಅವರ ಉಸಿರು ಹೆಚ್ಚುಕಡಿಮೆಯಾಗುತ್ತಿತ್ತು, ಹಣೆಯ ಮೇಲೆ ಬೆವರು. ಸುಮ್ಮನಿರಲಿ ಎಂದು ನನ್ನ ಕೊರಳಲ್ಲಿದ್ದ ಲಿಂಗ ಮುಟ್ಟಿ ಆಣೆ ಮಾಡಿದೆ. ನಮ್ಮಲ್ಲಿ ಲಿಂಗ ಮುಟ್ಟಿ ಆಡಿದ ಮಾತು ತಪ್ಪಿದವರ ಕೈಯ ನೀರನ್ನೂ ಕುಡಿಯುವುದಿಲ್ಲ. ಇವರು ನಿಶ್ಚಿಂತರಾಗಿ ಮಲಗಿದರು.

ನನಗೆ ನಿದ್ದೆ ಎಲ್ಲಿಯದು? ಮಗ್ಗುಲಲ್ಲಿ ಅವರ ಉಸಿರು ಒಂದು ಕ್ಷಣ ತಡೆದರೆ ಎದ್ದು ಕೂರುತ್ತಿದ್ದೆ. ಹಚ್ಚಡದ ಮೇಲೆ ಕೈಯಿಟ್ಟು ಎದೆ ಏರಿಳಿಯುತ್ತಿದೆಯೇ ಎಂದು ನೋಡುತ್ತಿದ್ದೆ. ನಾಲ್ಕಾರು ದಿನ ಹೀಗೆ ಕಳೆಯಿತು. ಬಚ್ಚಲಿನಿಂದ ಪಡಸಾಲೆಗೆ ಬರುವಷ್ಟರಲ್ಲಿ ಇವರು ಬಾಗಿಲ ಚೌಕಟ್ಟು ಹಿಡಿದು ನಿಂತದ್ದನ್ನು ನೋಡಿದ ದಿನ ನಾನು ನಿರ್ಧಾರ ಮಾಡಿದೆ. ಮಾರನೆಯ ದಿನ ಪೂಜೆಗೆ ಕೂತು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, ತಂದೇ, ನಿನ್ನನ್ನು ಮುಟ್ಟಿ ಆಡಿದ ಮಾತು ಮುರಿಯುತ್ತಿದ್ದೇನೆ, ಸಿಟ್ಟು ಬಂದರೆ ನನ್ನ ಕಣ್ಣು ತೆಗೆ, ಕೈ ತೆಗೆ, ಅವರ ತಂಟೆಗೆ ಹೋಗಬೇಡ ಎಂದೆ. ಕಣ್ಣೀರು ಲಿಂಗದ ಮೇಲೆಯೇ ಬಿತ್ತು. ಒರೆಸಿ, ಕೊರಳಿಗೆ ಹಾಕಿಕೊಂಡು, ಹಿತ್ತಲಿಗೆ ಹೋಗಿ ತಮ್ಮನಿಗೆ ಫೋನು ಮಾಡಿದೆ.

“ಮಾರೂದು ಹೆಂಗೋ? ಹೇಳು.”

ಅವನು ಪಾಪ, ಹುಕ್ಕೇರಿಯಿಂದ ಮೊದಲ ಬಸ್ಸಿಗೇ ಬಂದ. ಮಾಮಾನಿಗೆ ತಿಳಿಯದ ಹಾಗೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ನನಗೆ ಎಲ್ಲಾ ತೋರಿಸಿದ. ಉಳಿದೆರಡು ಕಂಪನಿಯ ಶೇರು ಗುಂಡಿ ಒತ್ತಿದ ತಕ್ಷಣ ಹೋದವು. ಅದು ಆಸ್ಪತ್ರೆಯ ಮುಂಗಡಕ್ಕೆ ಸಾಕು, ಆಪರೇಶನ್ನಿಗೆ ಸಾಲದು. ಸಕ್ಕರೆ ಕಂಪನಿಯದು ಮಾತ್ರ ಹೋಗಲೇ ಇಲ್ಲ.

“ಯಾಕೋ?”

“ಕೊಳ್ಳಾವ್ರ ಇಲ್ಲಕ್ಕಾ. ದಿನಕ್ಕ ಇಷ್ಟಕಿಂತ ಹೆಚ್ಚ ಬೀಳಬಾರದು ಅಂತ ಒಂದ ಮಿತಿ ಐತಿ. ಪ್ಯಾಟಿ ತೆರದ ಕೂಡ್ಲೆ ಅಲ್ಲೀಮಟಾ ಬಿದ್ದ ನಿಂತಬಿಡತೈತಿ. ಆಮ್ಯಾಲ ಎಲ್ಲಾರೂ ಮಾರಾವ್ರ, ತಗೊಳ್ಳಾವ ಒಬ್ಬಾವಿಲ್ಲ. ನಾಳಿ ಪ್ಯಾಟಿ ತೆರಿಯೂಕಿಂತ ಮೊದಲ ಆರ್ಡರ್ ಹಾಕಿ ಪಾಳಿ ಹಿಡೀಬೇಕು.”

ಅಯ್ಯೋ ಶಿವನೇ! ಆಣೆ ಮುರಿಯುವುದೇ ದೊಡ್ಡ ಸಂಕಟ ಎಂದುಕೊಂಡಿದ್ದೆ. ಮುರಿದ ಮೇಲೂ ಕೊಳ್ಳುವವರಿಲ್ಲ! ಮರುದಿನವೂ ಹಾಗೇ. ಅದರ ಮರುದಿನವೂ ಹಾಗೇ. ಬೆಳಿಗ್ಗೆ ಇವರು ಮೊಬೈಲು ಕೇಳಿದರೆ, ಚಾರ್ಜಿಗೆ ಹಾಕೀನ್ರಿ ಎಂದು ಸುಳ್ಳು ಹೇಳಿ ಹಿತ್ತಲಿಗೆ ಓಡುತ್ತಿದ್ದೆ. ಆರ್ಡರು ಹಾಕಿ ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಬೆಲೆ ಒಂದೇ ಏಟಿಗೆ ಕೆಳಗಿಳಿದು ಕಲ್ಲಿನ ಹಾಗೆ ಕೂತುಬಿಡುತ್ತಿತ್ತು. ಯಾರಾದರೂ ಕೊಳ್ಳಿರಪ್ಪಾ, ಮುಂಬಯಿಯವರೋ ದಿಲ್ಲಿಯವರೋ, ಎಷ್ಟಕ್ಕೆ ಬೇಕಾದರೂ ಒಯ್ಯಿರಿ, ನನ್ನ ಗಂಡನ ಜೀವ ಹೋಗುತ್ತಿದೆ ಎಂದು ಕಾಣದ ಮಂದಿಯ ಮುಂದೆ ಸೆರಗೊಡ್ಡಿ ಅತ್ತಿದ್ದೇನೆ. ಬಾಜೂ ಮನೆಯವಳು ಗೋಡೆಯ ಆಚೆಯಿಂದ, ಏನಾತ್ರಿ ವೈನಿ, ಎಂದು ಕೇಳಿದಾಗ ಉಳ್ಳಾಗಡ್ಡಿ ಹೆಚ್ಚುತ್ತಿದ್ದೇನೆ ಎಂದೆ. ಒಳಗಿನಿಂದ ಇವರ ಕೆಮ್ಮು ಕೇಳಿಸುತ್ತಿತ್ತು.

ಸಾಲ ತರೋಣವೆಂದು ಓಡಾಡಿದೆ, ಸಿಗಲಿಲ್ಲ. ಮನೆ ಮಾರೋಣವೆಂದರೆ ಅದು ದಿನದೊಪ್ಪತ್ತಿನಲ್ಲಿ ಆಗುವ ಕೆಲಸವಲ್ಲ. ಇವರನ್ನು ಎಳೆದುಕೊಂಡು ಹೋಗಿ ಸೇರಿಸಿಬಿಡೋಣವೆಂದರೆ, ಶೇರು ಮಾರದೆ ದುಡ್ಡು ಎಲ್ಲಿಂದ ತಂದೆ ಎಂದು ಕೇಳಿ ಅಲ್ಲಿಯೇ ಎದೆ ಒಡೆದುಕೊಂಡರೆ ಏನು ಗತಿ? ಯಾವ ಕಡೆ ಹೊರಳಿದರೂ ಗೋಡೆ.

ಕೊನೆಗೆ ಒಂದು ಬೆಳಿಗ್ಗೆ, ತಮ್ಮ ಹೇಳಿದಂತೆ ಎಲ್ಲರಿಗಿಂತ ಮೊದಲು ಆರ್ಡರು ಹಾಕಿ ಕೂತಿದ್ದೆ. ಮೊಬೈಲು ಟಿಂಗ್ ಎಂದಿತು. ಹೋಗಿತ್ತು. ಅಷ್ಟೂ ಹೋಗಿತ್ತು. ಯಾವ ಪುಣ್ಯಾತ್ಮ ಕೊಂಡನೋ, ಅವನ ಹೊಟ್ಟೆ ತಣ್ಣಗಿರಲಿ. ನಾನು ಎದ್ದು ಒಳಗೆ ಓಡಿದೆ. ಇನ್ನು ಮುಚ್ಚಿಡುವುದು ಬೇಡ, ಹೇಳಿಬಿಡುತ್ತೇನೆ, ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ, ಗಾಡಿ ತರಿಸಿ ಇವತ್ತೇ ಕರೆದೊಯ್ಯುತ್ತೇನೆ ಎಂದುಕೊಂಡು ಓಡಿದೆ.

ಇವರು ಹಾಸಿಗೆಯ ಮೇಲೆ ಅಡ್ಡ ಬಿದ್ದಿದ್ದರು. ಅಂಗಿ ತೊಯ್ದು ಮೈಗೆ ಅಂಟಿತ್ತು. ಕಣ್ಣು ನನ್ನನ್ನು ನೋಡುತ್ತಿದ್ದವು, ಬಾಯಿ ಏನೋ ಹೇಳುತ್ತಿತ್ತು, ದನಿ ಇರಲಿಲ್ಲ.

ಬೆಳಗಾವಿಯ ತನಕ ಗಾಡಿಯಲ್ಲಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಏನೇನು ಬೈದೆನೋ ನನಗೇ ಗೊತ್ತಿಲ್ಲ. ಅವರನ್ನು ಬೈದೆ, ಸಾಹೇಬನನ್ನು ಬೈದೆ, ಶಿವನನ್ನೂ ಬಿಡಲಿಲ್ಲ. ಆಪರೇಶನ್ ಆಯಿತು. ಹೊರಗೆ ಬಂದ ಡಾಕ್ಟರು ತಮ್ಮನನ್ನು ಅಲ್ಲೇ ನಿಲ್ಲಿಸಿ ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದರು.

“ಆಪರೇಶನ್ ಛೊಲೊ ಆಗೇತ್ರಿ ಅಕ್ಕಾರ. ಆದ್ರ ಈ ಅಟ್ಯಾಕಿಗೆ ಹಾರ್ಟ್ ಭಾಳ ಡ್ಯಾಮೇಜ್ ಆಗೇತಿ. ಹ್ವಾದ ಸಲ ಬಂದಾಗ ಮಾಡಿಸ್ಕೊಂಡಿದ್ರ ಮಾತ ಬ್ಯಾರೆ ಇತ್ತು.”

“ಎಷ್ಟ ದಿನಾ ಇರ್ತಾರ್ರಿ? ಖರೆ ಹೇಳ್ರಿ.”

ಅವರು ನೆಲ ನೋಡಿದರು. “ಒಂದ ವರ್ಷ ಅನ್ರಿ. ಭಾಳಂದ್ರ ಎರಡು.”

ನಾನು ಇದನ್ನು ತಮ್ಮನಿಗೂ ಹೇಳಲಿಲ್ಲ, ಇವರಿಗೂ ಹೇಳಲಿಲ್ಲ.

ಬಾಯಿಗಿಟ್ಟ ನಳಿಕೆ ತೆಗೆದ ಮೇಲೆ ಇವರು ಆಡಿದ ಮೊದಲ ಮಾತು, “ಎಷ್ಟಕ್ಕ ಕೊಟ್ಟಿ?” ಎಂದು. ಗೊತ್ತಾಗಿಬಿಟ್ಟಿತ್ತು, ದಡ್ಡರಲ್ಲವಲ್ಲ. ನಾನು ಬೆಲೆ ಹೇಳಿದೆ. ಕಣ್ಣು ಮುಚ್ಚಿಕೊಂಡರು. ಮುಚ್ಚಿದ ರೆಪ್ಪೆಯ ಅಂಚಿನಿಂದ ನೀರು ಕಿವಿಯ ಕಡೆ ಇಳಿಯಿತು. ಆಣೆಯ ಮಾತನ್ನು ಆಗಲೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ.

ಗೋಕಾಕಕ್ಕೆ ಬಂದೆವು. ಇವರು ಈಗ ಹಾಸಿಗೆಯಿಂದ ಬಾಗಿಲಿನ ತನಕ ನಡೆದರೆ ಅದೇ ದೊಡ್ಡದು. ಓಣಿಯ ಪಿಯುಸಿ ಮಕ್ಕಳು ನಾಲ್ಕಾರು ಜನ ಸಂಜೆ ಬಂದು ಹಾಸಿಗೆಯ ಸುತ್ತ ಕೂತು ಪಾಠ ಹೇಳಿಸಿಕೊಂಡು, ತಿಂಗಳಿಗೆ ಒಂದಿಷ್ಟು ಕೊಟ್ಟು ಹೋಗುತ್ತಿದ್ದರು. ಹೀಗೆ ಮಳೆಗಾಲ ಕಳೆದು ಮತ್ತೆ ಕಬ್ಬಿನ ಹಂಗಾಮು ಬಂತು. ಒಂದು ದಿನ ತಮ್ಮ ಬಂದವನು ಚಪ್ಪಲಿ ಬಿಡುವುದಕ್ಕೂ ಪುರುಸೊತ್ತಿಲ್ಲದೆ, “ಮಾಮಾ, ಆ ಕಾರ್ಖಾನಿ ಬ್ಯಾರೆ ಮಾಲಕ್ರ ತಗೊಂಡಾರಂತ! ಹೊಸಾ ಬಾಯ್ಲರ್ ಕುಂಡರಸ್ಯಾರ. ಶೇರ್ ನಾವು ತಗೊಂಡ ರೇಟ್ ದಾಟಿ ಮ್ಯಾಲ ಹೋಗೇತಿ!” ಎಂದು ಕೂಗಿದ. ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡು ನನ್ನ ಮುಖ ನೋಡಿದ.

ಈಗ ಬೈಯುತ್ತಾರೆ, ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡದ್ದು ಈಗ ಹೊರಗೆ ಬರುತ್ತದೆ ಎಂದು ಕಾದೆ. ಆದರೆ ಇವರ ಮುಖ ಅರಳಿತು. ಎಷ್ಟೋ ತಿಂಗಳಿನಿಂದ ಕಾಣದಿದ್ದ ನಗು ಅದು.

“ನೋಡಿದೇನು? ನಾ ಏನ್ ಹೇಳಿದ್ದೆ? ಹಿಡದ್ರ ಏರತೈತಿ ಅಂದಿದ್ದೆ ಇಲ್ಲೋ? ಎಲ್ಲೈತಿ ನಿನ್ನ ಮೇಣಬತ್ತಿ, ಹಚ್ಚು ಈಗ!”

ಶೇರು ಇನ್ನೂ ನಮ್ಮದೇ ಎಂಬಷ್ಟು ಸಂಭ್ರಮಪಟ್ಟರು. ತಮ್ಮನನ್ನು ಕೂರಿಸಿಕೊಂಡು ಸಾಹೇಬನ ಕಥೆಯನ್ನು ಮೊದಲಿನಿಂದ ಶುರು ಮಾಡಿದರು. ನಾನು ಹಿತ್ತಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಶೇರು ಎದ್ದಿತ್ತು, ಅವರು ಹೇಳಿದ ಹಾಗೆಯೇ ಎದ್ದಿತ್ತು. ಅವರ ಎದೆ ಏಳುವುದಿಲ್ಲ. ಒಳಗೆ ಹೋಗಿ ಡಾಕ್ಟರು ಹೇಳಿದ್ದನ್ನು ಮುಖಕ್ಕೆ ಹೊಡೆದಂತೆ ಹೇಳಿಬಿಡಬೇಕು ಎನ್ನುವಷ್ಟು ಸಿಟ್ಟು ಬಂದಿತ್ತು ನನಗೆ.

ತಮ್ಮ ಹೋದ ಮೇಲೆ ಕರೆದರು. ಮೊಬೈಲಿನಲ್ಲಿ ಯಾವುದೋ ಕಂಪನಿ ತೆರೆದಿಟ್ಟುಕೊಂಡಿದ್ದರು.

“ಈ ತಿಂಗಳ ಟ್ಯೂಶನ್ ರೊಕ್ಕ ಬಂದೈತಲ್ಲ, ಅದರಾಗ ಇದೊಂದಿಷ್ಟ ತಗೊಳ್ಳೂಣು. ತಿಂಗಳಾ ಸ್ವಲ್ಪ ಸ್ವಲ್ಪ. ನಿನ್ನ ಹೆಸರಲೇ. ಈ ಸಲ ಮಾತ್ರ ಹತ್ತ ವರ್ಷ ಮುಟ್ಟಬಾರದು ನೋಡು. ಹತ್ತ ವರ್ಷಕ್ಕ ಎಷ್ಟಾಗತೈತಿ ಗೊತ್ತೇನು? ಆಗ ಇಬ್ಬರೂ ಕೂಡಿ ಇಂಗ್ಲೆಂಡಿಗೆ ಹೋಗಿ, ಸಾಹೇಬನ ಕಾಲೇಜ ನೋಡಿ ಬರೂಣು.”

ಮಾತಿನ ನಡುವೆ ಉಸಿರು ಸಾ‌ಲದೆ ಎರಡು ಸಲ ನಿಂತರು. ನಾನು ಮಗ್ಗುಲಲ್ಲಿ ಕೂತು ಮೊಬೈಲು ತೆಗೆದುಕೊಂಡೆ.

“ಎಲ್ಲೆ ಒತ್ತಬೇಕ್ರಿ?”

“ಇಲ್ಲೆ, ಹಸರದು.”

ಒತ್ತಿದೆ.

“ಆತೇನು?”

“ಆತ್ರಿ.”

“ಹತ್ತ ವರ್ಷ,” ಎಂದರು.

“ಹೂನ್ರಿ,” ಎಂದೆ, “ಹತ್ತ ವರ್ಷ.”